ರೇಡಿಯೊಗೆ ಬೈಯೋ ಮುಂಚೆ ಆಂಟೆನಾ ನೋಡಿ

‘ಇಂಜಿನಿಯರಿಂಗ್ ಓದಿದ್ದೀಯಲ್ಲೋ, ಇದೊಂದನ್ನ ಸರಿ ಮಾಡಿಕೊಡು’ ಅಂತ ದೊಡ್ಡಮ್ಮ ರೇಡಿಯೊ ತಂದು ಕೈಗಿಟ್ಟರು. ಸೋಮವಾರಪೇಟೆ ಕಡೆಯ ಮನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಇಲ್ಲ. ಅಷ್ಟರಲ್ಲಿ ಟವರಿನ ಬ್ಯಾಟರಿಯೂ ಮುಗಿದು ಮೊಬೈಲ್ ಸತ್ತಿರುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಯಾವ ರಸ್ತೆ ಇದೆ, ಯಾವುದು ಹೋಯಿತು ಅಂತ ಗೊತ್ತಾಗದೆ ಕೂತ ಮನೆ ಅದು. ಅಂಥ ಹೊತ್ತಲ್ಲಿ ಉಳಿಯೋದು ಸೆಲ್ ಹಾಕಿದ ರೇಡಿಯೊ ಒಂದೇ. ಅದರಲ್ಲೂ 103.1ರ ಮಡಿಕೇರಿ ಆಕಾಶವಾಣಿ ಬರೀ ‘ಉಸ್’ ಅನ್ನುತ್ತಿತ್ತು.

ರೇಡಿಯೊ ಚೆನ್ನಾಗೇ ಇತ್ತು. ತೊಂದರೆ ಇದ್ದದ್ದು ಜಾಗದ್ದು. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಹೋಗುತ್ತೆ, ಗುಡ್ಡ ಅಡ್ಡ ಬಂದರೆ ಸೊರಗುತ್ತೆ. ಅಡುಗೆಮನೆಯ ಮೇಲಿನ ತಗಡಿನ ಶೀಟು ಉಳಿದಿದ್ದನ್ನೂ ತಡೆಯುತ್ತೆ. ಆ ಮೂಲೆಯಲ್ಲಿ ಆಂಟೆನಾ ಕಡ್ಡಿಯನ್ನ ಎಷ್ಟು ಎಳೆದರೂ ಅಷ್ಟೇ.

ಆಂಟೆನಾದ ಉದ್ದಕ್ಕೆ ಒಂದು ಸುಲಭದ ಲೆಕ್ಕ ಇದೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತೆ. 103.1ಕ್ಕೆ ಸುಮಾರು 2.9 ಮೀಟರ್. ಅದರ ಅರ್ಧ ತಗೊಂಡು, ಶೇ 5ರಷ್ಟು ಕಡಿಮೆ ಮಾಡಿದರೆ 1.38 ಮೀಟರ್. ಅಂದರೆ 69 ಸೆಂಟಿಮೀಟರಿನ ಎರಡು ತಂತಿ. ಇದಕ್ಕೆ ಡೈಪೋಲ್ ಅಂತಾರೆ. ಮನೆ ವೈರಿಂಗಿನ ತಾಮ್ರದ ತಂತಿಯನ್ನ ಒಂದು ಕೋಲಿಗೆ ಎಡಕ್ಕೊಂದು ಬಲಕ್ಕೊಂದು ಕಟ್ಟಿದೆ. ಮಧ್ಯದಲ್ಲಿ ಎರಡೂ ಒಂದಕ್ಕೊಂದು ತಾಗಬಾರದು. ಹಳೇ ಟಿವಿ ಕೇಬಲ್ಲಿನ ನಡುವಿನ ತಂತಿ ಒಂದಕ್ಕೆ, ಸುತ್ತಲಿನ ಜಾಲರಿ ಇನ್ನೊಂದಕ್ಕೆ. ಆ ಕೇಬಲ್ 75 ಓಮ್‌ನದು, ಡೈಪೋಲ್ ಸುಮಾರು 73. ಇಷ್ಟು ಚೆನ್ನಾಗಿ ಕೂಡಿಬರೋದು ಲ್ಯಾಬಿನಲ್ಲೂ ಅಪರೂಪ! ಕೇಬಲ್ಲಿನ ಇನ್ನೊಂದು ತುದಿಯಲ್ಲಿ, ನಡುವಿನ ತಂತಿಯನ್ನ ಕ್ಲಿಪ್ಪಿನಿಂದ ರೇಡಿಯೊದ ಕಡ್ಡಿಗೆ ಸಿಕ್ಕಿಸಿ, ಜಾಲರಿಯನ್ನ ಸೆಲ್ಲಿನ ಮೈನಸ್ ಸ್ಪ್ರಿಂಗಿಗೆ ಮುಟ್ಟಿಸಿದೆ.

ಕೋಲನ್ನ ಮಾಡಿನ ಮೇಲೆ ಎತ್ತಿ ಕಟ್ಟಿದೆವು. ಹೀಗೆ ಮಲಗಿಸಿದ ಡೈಪೋಲ್ ತನ್ನ ಅಡ್ಡಕ್ಕೆ ಚೆನ್ನಾಗಿ ಕೇಳುತ್ತೆ, ತುದಿಗಳ ಕಡೆಗೆ ಕಿವುಡು. ಆದ್ದರಿಂದ ಮಡಿಕೇರಿ ಇರುವ ದಿಕ್ಕಿಗೆ ಅಡ್ಡಲಾಗಿ ತಿರುಗಿಸಬೇಕು. ದೂರದರ್ಶನದ ಕಾಲದಲ್ಲಿ ಒಬ್ಬರು ಮಾಡು ಹತ್ತಿ ತಿರುಗಿಸೋದು, ಒಳಗಿನಿಂದ ‘ಬಂತು... ಹೋಯ್ತು... ಬಂತು’ ಅಂತ ಕೂಗೋದು ನೆನಪಿದೆಯಾ? ಆ ಏಣಿಯಂಥದ್ದು ಯಾಗಿ-ಉಡಾ ಆಂಟೆನಾ, 1926ರ ಸುಮಾರಿಗೆ ಜಪಾನಿನಲ್ಲಿ ಹುಟ್ಟಿದ್ದು. ಡೈಪೋಲಿನ ಹಿಂದೆ ಮುಂದೆ ಇನ್ನಷ್ಟು ಕಡ್ಡಿ ಸೇರಿಸಿ ಒಂದೇ ದಿಕ್ಕಿಗೆ ಕಿವಿಗೊಡುವಂತೆ ಮಾಡಿರುತ್ತಾರೆ. ನಮಗೆ ಅದು ಬೇಕಾಗಲಿಲ್ಲ. ಹತ್ತು ಅಡಿ ಎತ್ತರವೇ ಅರ್ಧ ಕೆಲಸ ಮಾಡಿತು.

ಮೀಡಿಯಂ ವೇವ್ ಕಥೆ ಬೇರೆ. ಬೆಂಗಳೂರಿನ 612 ಕಿಲೋಹರ್ಟ್ಸ್‌ನ ಅಲೆ ಸುಮಾರು 490 ಮೀಟರ್ ಉದ್ದ, ಅಷ್ಟು ದೊಡ್ಡ ತಂತಿ ಯಾರೂ ಕಟ್ಟೋದಿಲ್ಲ. ಅದಕ್ಕೆ ರೇಡಿಯೊ ಒಳಗೇ ಫೆರೈಟ್ ಕಡ್ಡಿ ಇರುತ್ತೆ, ಆ ಬ್ಯಾಂಡಿನಲ್ಲಿ ಸೆಟ್ಟನ್ನೇ ತಿರುಗಿಸಬೇಕು. ಗೊರಗೊರ ಸದ್ದಿಗೆ ಎಷ್ಟೋ ಸಲ ಕಾರಣ ನಮ್ಮ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು. ಒಂದೊಂದೇ ಆರಿಸಿ ನೋಡಿ, ಕಳ್ಳ ಸಿಗುತ್ತಾನೆ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ರೇಡಿಯೊ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದೋ ಹಕ್ಕು ಸಿಕ್ಕಿಲ್ಲ, ಆಕಾಶವಾಣಿಯ ವಾರ್ತೆಯನ್ನ ಮರುಪ್ರಸಾರ ಮಾಡಬಹುದು ಅಷ್ಟೇ. ಆ ಜಗಳ ನಡೀಲೇಬೇಕು. ಅಷ್ಟರವರೆಗೆ ರೇಡಿಯೊ ಸುದ್ದಿಗೆ ಇರೋದು ಸರ್ಕಾರದ ಒಂದೇ ದನಿ. ದೊಡ್ಡಮ್ಮನ ಅಡುಗೆಮನೆಗೆ ಅದೂ ತಲುಪದಿದ್ದರೆ ‘ಈಗ ರೇಡಿಯೊ ಯಾರು ಕೇಳ್ತಾರೆ’ ಅಂತ ಕೇಳೋಕೆ ನಮಗೇನು ಬಾಯಿದೆ?

ಅಂದ ಹಾಗೆ, ಗುಡುಗು ಶುರುವಾದ ಕೂಡಲೇ ಕ್ಲಿಪ್ ಕಿತ್ತು ಕೇಬಲ್ಲನ್ನ ಮನೆಯಿಂದ ಆಚೆ ಎಸೆಯಿರಿ. ದೊಡ್ಡಮ್ಮನಿಗೆ ಇದನ್ನ ಮೂರು ಸಲ ಹೇಳಿ ಬಂದಿದ್ದೇನೆ.