ಗಾಜಿನ ತೊಟ್ಟಿಯಲ್ಲೊಂದು ಹವಳದ ತೋಟ

1846ನೆಯ ಇಸವಿಯಲ್ಲಿ ಲಂಡನ್ ನಗರದ ಒಂದು ಮನೆಯಲ್ಲಿ ವಿಚಿತ್ರವಾದ ಕೆಲಸವೊಂದು ನಡೆಯುತ್ತಿತ್ತು. ಕೆಲಸದ ಹುಡುಗಿಯೊಬ್ಬಳು ತೆರೆದ ಕಿಟಕಿಯ ಮುಂದೆ ನಿಂತು, ಕಾಫಿಯನ್ನು ಆರಿಸುವವಳಂತೆ ಒಂದು ಪಾತ್ರೆಯ ನೀರನ್ನು ಮತ್ತೊಂದಕ್ಕೂ ಅಲ್ಲಿಂದ ಮರಳಿ ಮೊದಲಿನದಕ್ಕೂ ಎತ್ತಿ ಸುರಿಯುತ್ತಿದ್ದಳು. ಹೀಗೆ ಸುರಿಯುವುದು ಒಂದೆರಡು ನಿಮಿಷಗಳ ಮಾತಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ! ಆ ನೀರು ಕಡಲಿನಿಂದ ತರಿಸಿದ ಉಪ್ಪುನೀರು. ಅದರಲ್ಲಿ ಬದುಕಬೇಕಾಗಿದ್ದುದು ಕೆಲವು ಸಣ್ಣ ಹವಳದ ಜೀವಿಗಳು.

ಅವುಗಳ ಯಜಮಾನಿ ಆನಾ ಥಿನ್ ಎಂಬ ಗೃಹಿಣಿ. ಆಕೆಯ ಪತಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿ. ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದಾಗ ಬಂಡೆಗಳ ಸಂದಿನಲ್ಲಿ ಕಂಡ ಈ ಜೀವಿಗಳಿಗೆ ಮನಸೋತು, ದಾರಿಯ ಕುಲುಕಾಟಕ್ಕೆ ಅವು ನಲುಗದಿರಲೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳಂತೆ. ಮರುವರ್ಷ ಆಕೆ ಜೀವಂತ ಕಡಲಪಾಚಿಯನ್ನೂ ತರಿಸಿ ಅದೇ ನೀರಿನಲ್ಲಿಟ್ಟು ನೋಡಿದಳು. ಪಾಚಿಯು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡಿತು, ಹವಳಗಳು ಉಸಿರಾಡಿದವು. ಒಂದು ಜೀವಿಯ ಬಾಳಿಗೆ ಇನ್ನೊಂದರ ಬಾಳನ್ನು ಜೋಡಿಸಿದರೆ ಕಡಲಿನಿಂದ ದೂರದಲ್ಲಿಯೂ ಕಡಲು ಬದುಕಬಲ್ಲುದು ಎಂಬುದು ಆ ಪಾತ್ರೆಯೊಳಗೆ ಕಂಡುಬಂದಿತು.

ಆದರೆ ಆನಾ ಥಿನ್ ಸಾಕಿದ್ದು ತಣ್ಣೀರಿನ ಹವಳಗಳನ್ನು. ಉಷ್ಣವಲಯದ ಬಣ್ಣಬಣ್ಣದ ಹವಳಗಳು ಮನೆಯ ತೊಟ್ಟಿಯಲ್ಲಿ ನೆಲೆಯೂರುವುದಕ್ಕೆ ಇನ್ನೂ ಒಂದು ಶತಮಾನವೇ ಹಿಡಿಯಿತು. ಜಕಾರ್ತದ ಲೀ ಚಿನ್ ಎಂಗ್ ಎಂಬ ಹವ್ಯಾಸಿ 1961ರಲ್ಲಿ ತನ್ನ ವಿಧಾನವನ್ನು ಅಮೆರಿಕೆಯ ಮೀನುಪ್ರಿಯರ ಮಾಸಪತ್ರಿಕೆಯೊಂದರಲ್ಲಿ ವಿವರಿಸಿದ. ಅವನಲ್ಲಿ ದೊಡ್ಡ ಯಂತ್ರಸಾಮಗ್ರಿಯೇನೂ ಇರಲಿಲ್ಲ. ಕಡಲಿನ ನೀರು, ಸೂರ್ಯನ ಬೆಳಕು, ಮೆಲ್ಲನೆ ಏಳುವ ಗಾಳಿಯ ಗುಳ್ಳೆಗಳು, ಇವುಗಳೊಡನೆ ಹವಳದ ದಿಬ್ಬದಿಂದ ತಂದ ಒರಟು ಕಲ್ಲುಗಳು. ಗುಟ್ಟು ಇದ್ದುದು ಆ ಕಲ್ಲುಗಳಲ್ಲಿ. ಇಂದಿಗೂ ಹವ್ಯಾಸಿಗಳು ಅವನ್ನು 'ಜೀವಂತ ಕಲ್ಲು' ಎಂದೇ ಕರೆಯುತ್ತಾರೆ.

ಮೀನು ಉಂಡದ್ದು ಮಲವಾಗಿ, ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಸೇರುತ್ತದೆ. ಅಮೋನಿಯ ಮೀನಿಗೆ ವಿಷ. ಕಲ್ಲಿನ ರಂಧ್ರಗಳಲ್ಲಿ ಮನೆಮಾಡಿದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಆ ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಅದೃಶ್ಯ ಜಲಗಾರರು ಸಂಖ್ಯೆಯಲ್ಲಿ ಬೆಳೆಯಲು ವಾರಗಳೇ ಬೇಕು. ಹೊಸ ತೊಟ್ಟಿಯನ್ನು ತಂದ ದಿನವೇ ಮಕ್ಕಳ ಹಟಕ್ಕೆ ಹತ್ತಾರು ಮೀನುಗಳನ್ನು ತಂದುಬಿಟ್ಟ ಮನೆಯಲ್ಲಿ ವಾರದೊಳಗೆ ಅವು ಒಂದೊಂದಾಗಿ ಮೇಲಕ್ಕೆ ತೇಲುವುದು ಈ ಕಾರಣದಿಂದಲೇ.

ಇನ್ನು ಹವಳದ ಮಾತು. ಹೆಂಗಳೆಯರ ಕೊರಳಿನ ಹವಳದ ಸರಕ್ಕೂ ತೊಟ್ಟಿಯ ಹವಳಕ್ಕೂ ದೂರದ ನಂಟು ಮಾತ್ರ. ಒಡವೆಯ ಕೆಂಪು ಹವಳವು ಮೆಡಿಟರೇನಿಯನ್ ಕಡಲಿನ ಮಬ್ಬುಗತ್ತಲೆಯಲ್ಲಿ ಬೆಳೆಯುವಂಥದು. ದಿಬ್ಬದ ಹವಳಕ್ಕಾದರೋ ಬೆಳಕೇ ಪ್ರಾಣ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಿಡಾರ ಹೂಡಿ, ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ, ಮನೆಯೊಡೆಯನಿಗೆ ಅದರ ಬಹುಪಾಲನ್ನು ಬಾಡಿಗೆಯೆಂಬಂತೆ ಸಲ್ಲಿಸುತ್ತವೆ. ನೀರು ಹೆಚ್ಚು ಕಾದರೆ ಈ ನಂಟು ಮುರಿಯುತ್ತದೆ. ಪಾಚಿಯನ್ನು ಕಳೆದುಕೊಂಡ ಹವಳ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಜಗತ್ತಿನ ಅನೇಕ ಕಡಲುಗಳಲ್ಲಿ ಆದದ್ದು ಇದೇ. ತೊಟ್ಟಿಯಲ್ಲಾದರೆ ಸುಮಾರು 25 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನೂ, ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವನ್ನೂ ಏರುಪೇರಿಲ್ಲದಂತೆ ಕಾಯಬೇಕಾದವನು ಮನೆಯ ಯಜಮಾನನೇ.

ಎಲ್ಲ ಹವಳಗಳ ಸ್ವಭಾವವೂ ಒಂದೇ ಅಲ್ಲ. ತೊಗಲಿನಂತೆ ಮೆತ್ತಗಿರುವ ಹವಳ, ಅಣಬೆಯಾಕಾರದ ಹವಳ, ಇವು ಸಾಧುಗಳು. ಮಂದ ಬೆಳಕಿನಲ್ಲಿಯೂ ತೃಪ್ತಿಯಿಂದಿರುತ್ತವೆ. ಸುತ್ತಿಗೆ ಹವಳ, ಪಂಜಿನ ಹವಳ ಮುಂತಾದ ಕಲ್ಲುಹವಳಗಳಿಗೆ ಹದವಾದ ಬೆಳಕು, ಹದವಾದ ಅಲೆ ಸಾಕು. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಅಕ್ರೊಪೋರವಾದರೋ ಕಡಲಿನ ನೊರೆಯೇಳುವ ಅಂಚಿನಲ್ಲಿ ಬೆಳೆದದ್ದು. ಪ್ರಖರವಾದ ಬೆಳಕನ್ನೂ ಬಿರುಸಾದ ಪ್ರವಾಹವನ್ನೂ ಬೇಡುತ್ತದೆ. ಅಲ್ಲದೆ ಕಲ್ಲುಹವಳವು ತನ್ನ ಮನೆಯನ್ನು ನೀರಿನಲ್ಲಿರುವ ಸುಣ್ಣದಿಂದಲೇ ಕಟ್ಟಿಕೊಳ್ಳಬೇಕಷ್ಟೆ. ಒಂದು ಲೀಟರ್ ನೀರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕು. ಹವಳ ಬೆಳೆದಷ್ಟೂ ಇದು ಕರಗುತ್ತ ಹೋಗುವುದರಿಂದ ದಿನದಿನವೂ ಅಳೆದು ತುಂಬಿಕೊಡಬೇಕಾಗುತ್ತದೆ.

ನೋಡುವವರ ಕಣ್ಣಿಗೆ ಇವೆಲ್ಲ ಅಲುಗಾಡದ ಹೂಗಳು. ರಾತ್ರಿ ದೀಪ ಆರಿದ ಮೇಲೆ ಕೆಂಪು ಬೆಳಕಿನ ಟಾರ್ಚು ಹಿಡಿದು ಇಣುಕಿದವನಿಗೆ ಮಾತ್ರ ಇವುಗಳ ನಿಜವಾದ ಗುಣ ತಿಳಿದೀತು. ಹಗಲೆಲ್ಲ ಮುದುಡಿ ಕುಳಿತಿದ್ದ ಹವಳವು ತೆಳುವಾದ, ಕುಟುಕುವ ಬಾಹುಗಳನ್ನು ಚಾಚಿ ನೆರೆಯವನನ್ನು ತಡವುತ್ತದೆ. ಗ್ಯಾಲಾಕ್ಸಿಯ ಎಂಬ ಜಾತಿಯ ಬಾಹುಗಳು ಗೇಣುದ್ದದವರೆಗೂ ನೀಳುವುದುಂಟು. ತಾಗಿದ ಕಡೆ ನೆರೆಯವನ ಮಾಂಸ ಸುಟ್ಟಂತಾಗಿ ಬಿಳಿಯ ಎಲುಬು ಕಾಣುತ್ತದೆ. ಸಾಧುಗಳೆಂದು ಹೇಳಿದ ತೊಗಲು ಹವಳಗಳೂ ಕಡಮೆಯಲ್ಲ. ಅವು ಕೈಮಾಡದೆ, ನೀರಿಗೆ ಸದ್ದಿಲ್ಲದೆ ವಿಷ ಬೆರೆಸುವ ಜಾತಿ! ಆ ವಿಷದಿಂದ ದೂರದಲ್ಲಿರುವ ಅಕ್ರೊಪೋರವೂ ಸೊರಗುತ್ತದೆ. ಆದುದರಿಂದ ಅನುಭವಿಗಳು ಹವಳಗಳ ನಡುವೆ ಗೇಣಿನಷ್ಟು ಬಯಲನ್ನು ಬಿಡುತ್ತಾರೆ. ವಿಷವನ್ನು ಹೀರಲು ಇದ್ದಿಲನ್ನು ಇಡುತ್ತಾರೆ. ಮನುಷ್ಯನೂ ಎಚ್ಚರದಿಂದಿರಬೇಕು. ಗುಂಡಿಯಂತೆ ಕಾಣುವ ಜೋವಾಂಥಿಡ್ ಎಂಬ ಮುದ್ದಾದ ಜೀವಿಗಳ ಕೆಲವು ಬಗೆಗಳಲ್ಲಿ ಘೋರವಾದ ವಿಷವಿರುತ್ತದೆ. ಅವು ಅಂಟಿದ ಕಲ್ಲನ್ನು ಕುದಿನೀರಿನಿಂದ ತೊಳೆಯಲು ಹೋಗಿ, ಹಬೆಯನ್ನು ಉಸಿರಾಡಿದ್ದರಿಂದಲೇ ಮನೆಮಂದಿ ಆಸ್ಪತ್ರೆ ಸೇರಿದ ಪ್ರಸಂಗಗಳು ಇಂಗ್ಲೆಂಡ್, ಅಮೆರಿಕಗಳಲ್ಲಿ ನಡೆದಿವೆ.

ಈ ಸಂಸಾರಕ್ಕೆ ಮೀನುಗಳನ್ನು ಹೇಗೆ ಹೊಂದಿಸಬೇಕು? ಚಿಟ್ಟೆಮೀನುಗಳಲ್ಲಿ ಹಲವಕ್ಕೆ ಹವಳವೇ ಆಹಾರ. ಅವನ್ನು ತಂದರೆ ತೋಟಕ್ಕೆ ಮೇಕೆಯನ್ನು ಬಿಟ್ಟಂತೆಯೇ ಸರಿ. ಪಾಚಿ ಮೇಯುವ ಹಳದಿ ಟ್ಯಾಂಗ್ ಉಪಕಾರಿ, ಆದರೆ ಅದಕ್ಕೆ ಈಜಲು ವಿಸ್ತಾರವಾದ ತೊಟ್ಟಿ ಬೇಕು. ಕುಸುರಿ ಕೆಲಸದ ರೇಷ್ಮೆಯನ್ನು ಹೊದ್ದಂತಿರುವ ಮ್ಯಾಂಡರಿನ್ ಮೀನಿನದು ಬೇರೆಯೇ ಕಥೆ. ಅದು ಯಾರ ತಂಟೆಗೂ ಹೋಗದು. ಕಲ್ಲಿನ ಮೇಲೆ ಓಡಾಡುವ ಸೂಕ್ಷ್ಮ ಪ್ರಾಣಿಗಳನ್ನು ದಿನವಿಡೀ ಹೆಕ್ಕಿ ತಿನ್ನುವುದೇ ಅದರ ಕಸುಬು. ಹೊಸ ತೊಟ್ಟಿಯಲ್ಲಿ ಅವು ಬೇಗ ಮುಗಿದುಹೋಗುತ್ತವೆ. ಕೈಯಿಂದ ಹಾಕಿದ ಮೇವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮನೆಯವರೆಲ್ಲ ಅದರ ಚೆಲುವನ್ನು ಹೊಗಳುತ್ತಿರುವಾಗಲೇ ಅದು ದಿನದಿನಕ್ಕೆ ಬಡವಾಗಿ ಸಾಯುತ್ತದೆ. ಅಂಗಡಿಯಲ್ಲಿ ಮೀನಿನ ಬೆಲೆಯನ್ನು ಕೇಳುವವರು ಅದರ ಊಟವನ್ನೂ ಕೇಳಿದರೆ ಇಂಥ ಸಾವುಗಳು ಎಷ್ಟೋ ತಪ್ಪಿಯಾವು. ಸೇರಿಸುವುದರಲ್ಲಿಯೂ ಕ್ರಮವಿದೆ. ಪುಕ್ಕಲು ಮೀನು ಮೊದಲು, ಜಗಳಗಂಟ ಡ್ಯಾಮ್ಸೆಲ್ ಎಲ್ಲಕ್ಕಿಂತ ಕಡೆಗೆ. ಮೊದಲು ಬಂದವನು ತೊಟ್ಟಿಯನ್ನೆಲ್ಲ ತನ್ನ ಪಿತ್ರಾರ್ಜಿತವೆಂದು ಭಾವಿಸುವುದು ಮೀನಿನ ಲೋಕದಲ್ಲಿಯೂ ಉಂಟು.

ಹಾಗಾದರೆ ಮೀನೇ ಇಲ್ಲದಿದ್ದರೆ ಹವಳಕ್ಕೆ ಕ್ಷೇಮವಲ್ಲವೆ? ಹಾಗೆಂದು ತಿಳಿದವರು, ನೀರು ಎಷ್ಟು ನಿರ್ಮಲವೋ ಅಷ್ಟು ಒಳ್ಳೆಯದೆಂದು ಸೋಸಿ ಸೋಸಿ ಹವಳವನ್ನು ಉಪವಾಸ ಕೆಡವಿದರು. ಕೆರಿಬಿಯನ್ ಕಡಲಿನ ಸೇಂಟ್ ಕ್ರಾಯ್ ದ್ವೀಪದ ಬಳಿ ಮೂವರು ಅಮೆರಿಕನ್ ವಿಜ್ಞಾನಿಗಳು ನಡೆಸಿ 1983ರಲ್ಲಿ ಪ್ರಕಟಿಸಿದ ಶೋಧನೆ ಇದಕ್ಕೆ ಒಳ್ಳೆಯ ಉತ್ತರ. ಅಲ್ಲಿ ಗ್ರಂಟ್ ಎಂಬ ಮರಿಮೀನುಗಳ ಹಿಂಡು ರಾತ್ರಿ ಕಡಲಹುಲ್ಲಿನಲ್ಲಿ ಮೇದು, ಹಗಲು ಹವಳದ ಕೊಂಬೆಗಳ ಮೇಲೆ ವಿಶ್ರಮಿಸುತ್ತದೆ. ಮೀನು ತಂಗುವ ಹವಳವು ಮೀನಿಲ್ಲದ ಹವಳಕ್ಕಿಂತ ಬೇಗ ಬೆಳೆದದ್ದು ಕಂಡುಬಂದಿತು. ಕೊಟ್ಟಿಗೆಯ ಗೊಬ್ಬರವು ಹೊಲಕ್ಕೆ ಬಂದಂತೆ ಮೀನಿನ ಹೊಲಸು ಹವಳದ ಪಾಚಿಗೆ ಪುಷ್ಟಿಯಾಗಿತ್ತು. ಆದರೆ ಗೊಬ್ಬರ ಅತಿಯಾದರೆ ಕಳೆಪಾಚಿ ಹಬ್ಬಿ ಹವಳವನ್ನೇ ಮುಚ್ಚುತ್ತದೆ. ಎಷ್ಟು ಮೀನು, ಎಷ್ಟು ಮೇವು ಎಂಬ ಲೆಕ್ಕ ಪ್ರತಿ ತೊಟ್ಟಿಗೂ ಬೇರೆ. ಅಡುಗೆಗೆ ಉಪ್ಪು ಹಾಕುವ ಕೈಯಂತೆ ಅದು ಪಳಗಬೇಕು.

ಭಾರತದಲ್ಲಿ ಇನ್ನೊಂದು ಮಾತನ್ನು ಮರೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ಕಲ್ಲುಹವಳಗಳೂ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಉಂಟು. ಕಡಲಿನಿಂದ ಅವನ್ನು ಕಿತ್ತು ಮಾರುವುದು ಅಪರಾಧ. ಕನ್ನಡಿಗರು ಹವಳವನ್ನು ಅದರ ತವರಿನಲ್ಲಿಯೇ ನೋಡಬಯಸಿದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದು ನೀರು ತಿಳಿಯಾದಾಗ ಮುಳುಗುಗಾರರನ್ನು ಹೊತ್ತ ದೋಣಿಗಳು ಅಲ್ಲಿಗೆ ಹೋಗುತ್ತವೆ.

ಪರದೇಶಗಳ ಮನೆಗಳಲ್ಲಿ ಇಂದು ಬೆಳಕು, ಅಲೆ, ಶಾಖ, ಸುಣ್ಣ ಎಲ್ಲವನ್ನೂ ಯಂತ್ರಗಳೇ ನೋಡಿಕೊಳ್ಳುತ್ತವೆ. ಆದರೂ ಎಂದಾದರೂ ನಡುರಾತ್ರಿ ವಿದ್ಯುತ್ತು ಕೈಕೊಡುವುದುಂಟು. ಪಂಪು ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ನೀರಿನ ಆಮ್ಲಜನಕ ಇಳಿಯತೊಡಗುತ್ತದೆ, ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಬ್ಯಾಟರಿಯಿಲ್ಲದ ಮನೆಯವನು ಆಗ ಅಡುಗೆಮನೆಯಿಂದ ಒಂದು ಜಗ್ಗನ್ನು ತಂದು, ತೊಟ್ಟಿಯ ನೀರನ್ನು ಮೊಗೆದು, ಎತ್ತರದಿಂದ ಅದಕ್ಕೇ ಸುರಿಯುತ್ತ, ದೀಪ ಬರುವವರೆಗೂ ಕತ್ತಲೆಯಲ್ಲಿ ನಿಂತಿರುತ್ತಾನೆ.