ಸರ್ಕಾರದ ಸಹಿಯೂ ನಮ್ಮ ಬಿತ್ತನೆ ರಾಗಿಯೂ

ಹೋದ ಮುಂಗಾರಿನಲ್ಲಿ ಪಕ್ಕದೂರಿನ ನೆಂಟರು ಬಂದು ನಾಲ್ಕು ಸೇರು ಬಿತ್ತನೆ ರಾಗಿ ಕೇಳಿದರು. ಅಳೆದು ಕೊಟ್ಟೆ. ಜೊತೆಗಿದ್ದ ಹುಡುಗ, “ಮಾವ, ನಮ್ಮ ದೇಶ ವಿಶ್ವ ವ್ಯಾಪಾರ ಸಂಸ್ಥೆಗೆ ಸಹಿ ಹಾಕಿದ ಮೇಲೆ ಹೀಗೆ ಬೀಜ ಕೊಡೋದು ತಪ್ಪಂತೆ” ಅಂದ. ಮಾಸ್ತಿ ಸುತ್ತ ಈ ಭಯ ಇನ್ನೂ ಹಲವರಿಗಿದೆ. ನನಗೆ ತಿಳಿದಷ್ಟು ಬರೆಯುತ್ತೇನೆ.

ಭಯಕ್ಕೆ ಕಾರಣ ಇತ್ತು. ಡಂಕೆಲ್ ಕರಡು ಬಂದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ, ಬೀಜ ಕಂಪನಿ ಪಾಲಾಗುತ್ತೆ ಅಂತ ಬೀದಿಗಿಳಿಯಿತು. 1993ರ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ದೊಡ್ಡ ಸಭೆಯೇ ನಡೆಯಿತು. ಆದರೂ 1994ರ ಏಪ್ರಿಲ್‌ನಲ್ಲಿ ಸರ್ಕಾರ ಸಹಿ ಹಾಕಿತು. 1995ರ ಜನವರಿ 1ರಿಂದ ಸಂಸ್ಥೆ ಶುರುವಾಯಿತು.

ಸಹಿ ಹಾಕಿದ ದೇಶ ಮಾತಿಗೆ ಕಟ್ಟುಬೀಳುತ್ತೆ. ತಪ್ಪಿದರೆ ಬೇರೆ ದೇಶ ಜಿನೀವಾದಲ್ಲಿ ದೂರು ಕೊಡಬಹುದು. ಆದರೆ ನಮಗೆ ಕಾನೂನು ಮಾಡೋದು ಆ ಸಂಸ್ಥೆಯಲ್ಲ, ನಮ್ಮ ಸಂಸತ್ತು. ಒಪ್ಪಂದದ 27ನೇ ಕಲಮು ಹೇಳೋದಿಷ್ಟು: ಸಸ್ಯ ತಳಿಗೆ ಪೇಟೆಂಟ್ ಕೊಡಿ, ಇಲ್ಲವೇ ನಿಮ್ಮದೇ ಆದ ಕಾಯಿದೆಯಿಂದ ರಕ್ಷಣೆ ಕೊಡಿ. ಈ ‘ಇಲ್ಲವೇ’ ಅನ್ನೋದೇ ಬೇಲಿಯಲ್ಲಿ ಬಿಟ್ಟ ಉಣಗೋಲು.

ಆ ದಾರಿಯಲ್ಲಿ ಬಂದದ್ದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ. ಅದರ 39ನೇ ಕಲಮಿನ ಪ್ರಕಾರ, ನೋಂದಾಯಿತ ತಳಿಯಾದರೂ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲು ಮಾಡಬಹುದು, ಮಾರಲೂಬಹುದು. ಬ್ರಾಂಡ್ ಹೆಸರಿನ ಚೀಟಿ ಹಾಕಿ ಮಾರುವಂತಿಲ್ಲ, ಅಷ್ಟೇ. ನೋಂದಾಯಿತ ಬೀಜ ಹೇಳಿದಷ್ಟು ಫಸಲು ಕೊಡದಿದ್ದರೆ ಪರಿಹಾರ ಕೇಳಬಹುದು.

ಹಾಗಂತ ಮೈಮರೆಯೋ ಹಾಗಿಲ್ಲ. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ದಾವೆ ಹೂಡಿತು. ದೇಶವೆಲ್ಲ ಗದ್ದಲವಾದ ಮೇಲೆ ಅದೇ ವರ್ಷ ವಾಪಸು ತೆಗೆಯಿತು. ರೈತರ ಕಡೆಯವರು ಮುಂದಿಟ್ಟದ್ದು ಇದೇ 39ನೇ ಕಲಮು. ಆಲೂಗಡ್ಡೆ ಹಾಕುವ ನಮ್ಮ ಮಾಲೂರು ಕಡೆಯವರು ಇದನ್ನು ನೆನಪಿಡಬೇಕು.

ಜಿನೀವಾದಲ್ಲೇ ಯುಪೋವ್ ಅನ್ನೋ ಇನ್ನೊಂದು ಒಕ್ಕೂಟವಿದೆ. ಅದರ 1991ರ ನಿಯಮದಲ್ಲಿ, ರಕ್ಷಣೆ ಪಡೆದ ತಳಿಯ ಬೀಜವನ್ನು ರೈತ ಮಾರುವ ಹಕ್ಕಿಲ್ಲ. ಭಾರತ ಅದಕ್ಕೆ ಸೇರಿಲ್ಲ. ವ್ಯಾಪಾರ ಒಪ್ಪಂದದ ಮಾತುಕತೆಗಳಲ್ಲಿ ‘ಸೇರಿ’ ಅನ್ನೋ ಒತ್ತಾಯ ಬಂದಿದ್ದುಂಟು. ಸೇರೋದೂ ಬಿಡೋದೂ ದಿಲ್ಲಿಯ ಕೈಲಿದೆ. ಹಾಗಾಗಿ ಓಟು ಕೇಳಲು ಬಂದವರನ್ನು ರಸ್ತೆ, ಬೋರ್‌ವೆಲ್ ಜೊತೆಗೆ ಇದನ್ನೂ ಕೇಳಿ.

ಹುಡುಗನಿಗೆ ಅಂದೆ: “ಧೈರ್ಯವಾಗಿ ಒಯ್ಯಪ್ಪ. ಸುಗ್ಗಿಗೆ ಐದು ಸೇರು ವಾಪಸು ಕೊಡು.”