ಮೇಷ್ಟ್ರು ಕಟ್ಟಿದ ಮ್ಯೂಸಿಯಂ

1957ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಪಗೋಸಾ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಹೈಸ್ಕೂಲಿಗೆ ಹೊಸ ವಿಜ್ಞಾನದ ಮೇಷ್ಟ್ರು ಬಂದರು. ಊರಿನವರ ಕಣ್ಣಿಗೆ ಅವರು ಬೆಟ್ಟದ ಬುಡದಲ್ಲಿ ದನ ಸಾಕಿಕೊಂಡಿದ್ದ ರೈತ. ಹೆಸರು ಫ್ರಾಂಕ್ ಆಪನ್‌ಹೈಮರ್. ಅಣುಬಾಂಬಿನ ಯೋಜನೆಯ ಮುಂದಾಳಾಗಿದ್ದ ರಾಬರ್ಟ್ ಆಪನ್‌ಹೈಮರ್ ಅವರ ಒಡಹುಟ್ಟಿದ ತಮ್ಮ. ತಾವೂ ಭೌತವಿಜ್ಞಾನಿ, ಅದೇ ಯೋಜನೆಯಲ್ಲಿ ದುಡಿದವರು. 1930ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ್ದರೆಂದು 1949ರಲ್ಲಿ ಅವರನ್ನು ಸಂಸತ್ತಿನ ಸಮಿತಿಯ ಮುಂದೆ ನಿಲ್ಲಿಸಿದರು. ಪಕ್ಷದಲ್ಲಿದ್ದೆ ಎಂದು ಒಪ್ಪಿಕೊಂಡರು, ಜೊತೆಗಿದ್ದವರ ಹೆಸರು ಮಾತ್ರ ಹೇಳಲಿಲ್ಲ. ಮಿನೆಸೊಟಾ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಬೇರೆ ವಿಶ್ವವಿದ್ಯಾಲಯಗಳೂ ಬಾಗಿಲು ಮುಚ್ಚಿದವು. ಹಲವು ವರ್ಷ ದನದ ಕೊಟ್ಟಿಗೆಯೇ ಅವರ ಪ್ರಪಂಚವಾಯಿತು.

ಆ ಹೈಸ್ಕೂಲಿನಲ್ಲಿ ಭೌತ, ರಸಾಯನ, ಜೀವವಿಜ್ಞಾನ ಎಲ್ಲಕ್ಕೂ ಅವರೊಬ್ಬರೇ. ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳ ಸ್ಥಿತಿಯೂ ಇದೇ ಅಲ್ಲವೇ? ಪ್ರಯೋಗಾಲಯ ಎನ್ನುವಂಥದ್ದು ಅಲ್ಲಿರಲಿಲ್ಲ. ಆಪನ್‌ಹೈಮರ್ ಮಕ್ಕಳನ್ನು ಊರ ಹೊರಗಿನ ಗುಜರಿ ರಾಶಿಗೆ ಕರೆದುಕೊಂಡು ಹೋದರು. ಕೆಟ್ಟ ಕಾರು, ಮುರಿದ ಯಂತ್ರ, ಬಿಸಾಡಿದ ಮೋಟಾರು ಬಿಚ್ಚಿ ನೋಡುತ್ತ ಮಕ್ಕಳು ಶಾಖ, ವಿದ್ಯುತ್ತು, ಯಂತ್ರಗಳ ಪಾಠ ಕಲಿತರು. ಆ ಸಣ್ಣ ಶಾಲೆಯ ಮಕ್ಕಳು ರಾಜ್ಯಮಟ್ಟದ ವಿಜ್ಞಾನ ಮೇಳದಲ್ಲಿ ಬಹುಮಾನ ತಂದರು. ಮುಂದೆ ಕೊಲೊರಾಡೊ ವಿಶ್ವವಿದ್ಯಾಲಯ ಸೇರಿದಾಗ ಆಪನ್‌ಹೈಮರ್ ವಿದ್ಯಾರ್ಥಿಗಳಿಗಾಗಿ ‘ಪ್ರಯೋಗಗಳ ಗ್ರಂಥಾಲಯ’ವನ್ನೇ ಕಟ್ಟಿದರು. ಸಲಕರಣೆ ಜೋಡಿಸಿಟ್ಟ ಮೇಜುಗಳಿರುತ್ತಿದ್ದವು. ಪುಸ್ತಕ ತೆರೆದು ಓದುವ ಹಾಗೆ ವಿದ್ಯಾರ್ಥಿ ತನಗೆ ಬೇಕಾದಾಗ ಬಂದು ಪ್ರಯೋಗ ಮಾಡಿಕೊಂಡು ಹೋಗಬಹುದಿತ್ತು. 1965ರಲ್ಲಿ ಯುರೋಪಿಗೆ ಹೋದಾಗ ಲಂಡನ್ನಿನ ಸೈನ್ಸ್ ಮ್ಯೂಸಿಯಂ, ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ, ಪ್ಯಾರಿಸ್ಸಿನ ಪಲೇ ದ ಲಾ ದೆಕುವೆರ್ತ್ ನೋಡಿದರು. ತಮ್ಮ ಮೇಜುಗಳನ್ನು ಊರಿಗೇ ತೆರೆದಿಡಬಹುದು ಎಂಬ ಯೋಚನೆ ಗಟ್ಟಿಯಾಯಿತು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 1915ರ ವಿಶ್ವಮೇಳಕ್ಕೆಂದು ಕಟ್ಟಿದ್ದ ‘ಪ್ಯಾಲೆಸ್ ಆಫ್ ಫೈನ್ ಆರ್ಟ್ಸ್’ ಎಂಬ ಹಳೆಯ ಕಟ್ಟಡದಲ್ಲಿ ‘ಎಕ್ಸ್‌ಪ್ಲೊರೇಟೋರಿಯಂ’ ಬಾಗಿಲು ತೆರೆಯಿತು.

ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆ ಮತ್ತು ‘ಮುಟ್ಟಬೇಡಿ’ ಎಂಬ ಫಲಕ ಎಂದುಕೊಂಡವರಿಗೆ ಇಲ್ಲಿ ಎಲ್ಲವೂ ತಿರುವುಮುರುವಾಗಿ ಕಂಡಿತು. ಇಲ್ಲಿ ಮುಟ್ಟದೆ ಯಾವುದೂ ನಡೆಯುವುದಿಲ್ಲ. ಗಾಳಿಯ ಕೊಳವೆಯ ಮೇಲೆ ತೇಲುವ ಚೆಂಡನ್ನು ನೀವೇ ತಳ್ಳಬೇಕು, ಕನ್ನಡಿಯ ಎದುರು ನೀವೇ ನಿಲ್ಲಬೇಕು. ಈ ಪ್ರದರ್ಶಿಕೆಗಳನ್ನು ತಯಾರಿಸುವ ವರ್ಕ್‌ಶಾಪು ಒಳಗೆಲ್ಲೋ ಅಡಗಿರಲಿಲ್ಲ. ಬೆಸುಗೆ ಹಾಕುವುದು, ಮರ ಕೊಯ್ಯುವುದು ಬಂದವರ ಕಣ್ಣೆದುರಿಗೇ ನಡೆಯುತ್ತಿತ್ತು. ಎಕ್ಸ್‌ಪ್ಲೊರೇಟೋರಿಯಂನ ಹೆಗ್ಗಳಿಕೆಯನ್ನು ಬರೆದವರು ಆಪನ್‌ಹೈಮರ್ ಅವರ ವಿಜ್ಞಾನಿಯ ಮುಖವನ್ನೇ ಹೆಚ್ಚು ತೋರಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅವರೊಳಗಿನ ಹೈಸ್ಕೂಲು ಮೇಷ್ಟ್ರು. ಗುಜರಿ ರಾಶಿಯ ಮುಂದೆ ಹುಡುಗರ ಜೊತೆ ನಿಂತಿದ್ದವರಿಗೆ ಮಾತ್ರ ಇಂಥ ಮ್ಯೂಸಿಯಂ ಹೊಳೆಯಲು ಸಾಧ್ಯ.

ಆದರೂ ಒಂದು ತೊಡಕು ಉಳಿದಿತ್ತು. ಮಕ್ಕಳು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಎರಡು ಗಂಟೆ ಓಡಾಡಿ, ಖುಷಿಪಟ್ಟು ಹೋಗುತ್ತಿದ್ದರು. ಮಾರನೆಯ ದಿನ ತರಗತಿಯಲ್ಲಿ ಅದೇ ಕರಿಹಲಗೆ, ಅದೇ ಪಠ್ಯಪುಸ್ತಕ. ಮ್ಯೂಸಿಯಂನಲ್ಲಿ ಹುಟ್ಟಿದ ಪ್ರಶ್ನೆ ಶಾಲೆಯ ಗೇಟಿನ ಹೊರಗೇ ಉಳಿಯುತ್ತಿತ್ತು. 1975ರಿಂದ 1987ರ ನಡುವೆ ಎಕ್ಸ್‌ಪ್ಲೊರೇಟೋರಿಯಂ ‘ಕುಕ್‌ಬುಕ್’ ಹೆಸರಿನಲ್ಲಿ ಮೂರು ಸಂಪುಟ ಹೊರತಂದಿತು. ಯಾವ ಪ್ರದರ್ಶಿಕೆಯನ್ನು ಯಾವ ಅಳತೆಗೆ, ಯಾವ ಸಾಮಾನಿನಿಂದ ಕಟ್ಟಬೇಕು ಎಂಬುದನ್ನು ಗುಟ್ಟು ಮಾಡದೆ ಅದರಲ್ಲಿ ಬರೆದಿಟ್ಟಿದ್ದರು. ಇದು ಬೇರೆ ಮ್ಯೂಸಿಯಂಗಳಿಗೆ ಬಹಳ ಉಪಕಾರವಾಯಿತು. ಶಾಲೆಯ ಟೀಚರಿಗೆ ಏನು ಬಂತು? ದೊಡ್ಡ ಬ್ಲೋವರು, ಕಬ್ಬಿಣದ ಸ್ಟ್ಯಾಂಡು, ಆಳೆತ್ತರದ ಕನ್ನಡಿಯನ್ನೆಲ್ಲ ಅವರು ತರುವುದಾದರೂ ಎಲ್ಲಿಂದ?

1984ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಮಾಧ್ಯಮಿಕ ಶಾಲೆ ಮತ್ತು ಹೈಸ್ಕೂಲಿನ ವಿಜ್ಞಾನ, ಗಣಿತ ಶಿಕ್ಷಕರಿಗಾಗಿ ‘ಟೀಚರ್ ಇನ್‌ಸ್ಟಿಟ್ಯೂಟ್’ ಆರಂಭಿಸಿತು. ಬೇಸಿಗೆ ರಜೆಯಲ್ಲಿ ಶಿಕ್ಷಕರು ವಾರಗಟ್ಟಲೆ ಮ್ಯೂಸಿಯಂನಲ್ಲೇ ಕಳೆಯುತ್ತಿದ್ದರು. ಉಪನ್ಯಾಸ ಕೇಳಿ ಪ್ರಮಾಣಪತ್ರ ಹಿಡಿದು ಹೊರಡುವ ತರಬೇತಿ ಅದಾಗಿರಲಿಲ್ಲ. ಪ್ರದರ್ಶಿಕೆಯ ಮುಂದೆ ತಾವೇ ಮಕ್ಕಳಂತೆ ನಿಲ್ಲುವುದು, ಅರ್ಥವಾಗದ್ದನ್ನು ಅಲ್ಲಿನ ವಿಜ್ಞಾನಿಗಳನ್ನು ಕೇಳುವುದು, ಆಮೇಲೆ ಕತ್ತರಿ, ಅಂಟು, ತಂತಿ ಹಿಡಿದು ಅದನ್ನೇ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿ ಮಾಡುವುದು. ಪಾಲ್ ಡೊಹರ್ಟಿ ಎಂಬ ಭೌತವಿಜ್ಞಾನಿ ಬಹುಕಾಲ ಈ ಶಿಕ್ಷಕರ ಜೊತೆ ಕುಳಿತು ಕೆಲಸ ಮಾಡಿದರು. ಹೀಗೆ ಕುಗ್ಗಿಸಿದ ಪ್ರಯೋಗಗಳಿಗೆ ‘ಸ್ನ್ಯಾಕ್’ ಎಂದು ಹೆಸರಿಟ್ಟರು. ಕುಕ್‌ಬುಕ್ಕಿನದು ಊಟವಾದರೆ ಇದು ಕುರುಕಲು. 1991ರಲ್ಲಿ ಇವೆಲ್ಲ ‘ಸೈನ್ಸ್ ಸ್ನ್ಯಾಕ್‌ಬುಕ್’ ಎಂಬ ಪುಸ್ತಕವಾಗಿ ಬಂದವು. ಅದನ್ನು ಮಾಡಿದವರು ತರಗತಿಯ ಶಿಕ್ಷಕರೇ.

ಮ್ಯೂಸಿಯಂನ ದೊಡ್ಡ ಬ್ಲೋವರಿನ ಜಾಗಕ್ಕೆ ತಲೆಗೂದಲು ಒಣಗಿಸುವ ಡ್ರೈಯರು ಬಂತು. ಅದರ ಗಾಳಿಯಲ್ಲಿ ತೇಲಿದ್ದು ಪಿಂಗ್‌ಪಾಂಗ್ ಚೆಂಡು. ಚೆಂಡು ಚಿಕ್ಕದಾಯಿತೇ ಹೊರತು ಪ್ರಶ್ನೆ ಚಿಕ್ಕದಾಗಲಿಲ್ಲ. ಡ್ರೈಯರನ್ನು ತುಸು ವಾಲಿಸಿದರೂ ಚೆಂಡು ಯಾಕೆ ಕೆಳಗೆ ಬೀಳುವುದಿಲ್ಲ ಎಂದು ಮಕ್ಕಳು ಅಲ್ಲಿ ಕೇಳಿದಂತೆ ಇಲ್ಲೂ ಕೇಳುತ್ತಾರೆ.

ನನಗೆ ತುಂಬ ಇಷ್ಟವಾದದ್ದು ಕನ್ನಡಿಯ ಪ್ರಯೋಗ. ಚೌಕಟ್ಟಿಲ್ಲದ, ಎದೆಮಟ್ಟಕ್ಕಿಂತ ಎತ್ತರದ ಒಂದು ಕನ್ನಡಿ ಬೇಕು. ಗಾಜಿನದಾದರೆ ಅಂಚಿಗೆ ಟೇಪು ಸುತ್ತಿ, ಇಬ್ಬರು ಭದ್ರವಾಗಿ ಹಿಡಿದುಕೊಳ್ಳಬೇಕು. ಒಬ್ಬ ಹುಡುಗಿ ಕನ್ನಡಿಯ ನೆಟ್ಟನೆಯ ಅಂಚಿಗೆ ಮೂಗು ಸರಿಯಾಗುವಂತೆ ನಿಲ್ಲುತ್ತಾಳೆ. ಮೈಯ ಬಲಭಾಗ ಕನ್ನಡಿಯ ಮುಂದೆ, ಎಡಭಾಗ ಕನ್ನಡಿಯ ಹಿಂದೆ. ಹೊಳೆಯುವ ಬದಿಯಲ್ಲಿ ಕುಳಿತ ಮಕ್ಕಳಿಗೆ ಅವಳ ಬಲಭಾಗವೂ ಅದರ ಪ್ರತಿಬಿಂಬವೂ ಸೇರಿ ಇಡೀ ಹುಡುಗಿಯಾಗಿ ಕಾಣುತ್ತದೆ. ಈಗ ಅವಳು ಬಲಗಾಲು ಎತ್ತಬೇಕು. ಎರಡೂ ಕಾಲು ನೆಲ ಬಿಟ್ಟಂತೆ ಕಂಡು ತರಗತಿಯೇ ಕೂಗುತ್ತದೆ. ಭಾರ ಹೊತ್ತ ಎಡಗಾಲು ಕನ್ನಡಿಯ ಹಿಂದೆ ಮರೆಯಾಗಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಜಾದೂ. ಪಾಠ ಶುರುವಾಗುವುದು ಇಲ್ಲಿಂದ ಮುಂದೆ. ನಮ್ಮ ಶಾಲೆಯ ಸಮವಸ್ತ್ರದ ಅಂಗಿಗೆ ಜೇಬು ಸಾಮಾನ್ಯವಾಗಿ ಎಡಕ್ಕಿರುತ್ತದೆ. ಹುಡುಗನೊಬ್ಬ ಬಲಭಾಗ ಮುಂದಿಟ್ಟು ನಿಂತರೆ ಅವನ ಅಂಗಿಗೆ ಜೇಬೇ ಇರುವುದಿಲ್ಲ, ಎಡಭಾಗ ಮುಂದಿಟ್ಟರೆ ಎರಡು ಜೇಬು. ಓರೆ ಬೈತಲೆ ತೆಗೆದವನಿಗೆ ಎರಡು ಬೈತಲೆ. ಒಂದೇ ಕೆನ್ನೆಯಲ್ಲಿ ಗುಳಿ ಬೀಳುವ ಹುಡುಗಿಗೆ ಎರಡೂ ಕೆನ್ನೆಯಲ್ಲಿ ಗುಳಿ. ಮೂಗು ಅಂಚಿನಿಂದ ಚೂರು ಮುಂದೆ ಬಂದರೆ ಮುಖ ಅಗಲ, ಹಿಂದೆ ಸರಿದರೆ ಸಪೂರ. ಹೀಗೆ ಒಬ್ಬರಾದ ಮೇಲೆ ಒಬ್ಬರು ನಿಂತು ನೋಡುವಾಗ ಮಕ್ಕಳೇ ಎರಡು ವಿಷಯ ಹೇಳುತ್ತಾರೆ. ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿದೆ ಎಂಬುದು ಒಂದು. ನಾವು ನಂಬಿದಷ್ಟು ನಮ್ಮ ಎಡ ಬಲ ಒಂದೇ ತರಹ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಪಠ್ಯದಲ್ಲಿದೆ. ಎರಡನೆಯದು ಅವರ ಸ್ವಂತ ಸಂಪಾದನೆ.

ಮ್ಯೂಸಿಯಂನಲ್ಲಿ ಇದೇ ಕನ್ನಡಿಯ ಮುಂದೆ ಒಂದು ಮಗುವಿಗೆ ಸಿಗುವುದು ಅರ್ಧ ನಿಮಿಷ. ಹಿಂದೆ ಸಾಲು ನಿಂತಿರುತ್ತದೆ. ತರಗತಿಯಲ್ಲಾದರೆ ಇಡೀ ಪೀರಿಯಡ್ಡು ಸಿಗುತ್ತದೆ. ಮಾರನೆಯ ದಿನ ಸಂದೇಹ ಬಂದರೆ ಮತ್ತೆ ನಿಲ್ಲಬಹುದು. ಇದನ್ನು ಬಲ್ಲವರು ಶಿಕ್ಷಕರು. ಬೆಲ್ ಹೊಡೆಯುವುದರೊಳಗೆ ಮುಗಿಯುತ್ತದೆಯೇ, ಹಿಂದಿನ ಬೆಂಚಿಗೆ ಕಾಣುತ್ತದೆಯೇ, ಒಡೆದರೆ ದುಡ್ಡು ಯಾರು ಕೊಡುತ್ತಾರೆ ಎಂಬ ಲೆಕ್ಕ ಮ್ಯೂಸಿಯಂನ ವಿನ್ಯಾಸಕಾರರ ತಲೆಗೆ ಬರುವುದಿಲ್ಲ. ಅವರಿಗೆ ಬೆಳಕಿನ ವಿಷಯ ಗೊತ್ತು, ಇವರಿಗೆ ನಲವತ್ತು ಮಕ್ಕಳ ವಿಷಯ ಗೊತ್ತು. ಎರಡು ತಿಳಿವಳಿಕೆಯೂ ಒಂದೇ ಮೇಜಿಗೆ ಬಂದದ್ದರಿಂದ ಆ ಪುಸ್ತಕ ಇಂದಿಗೂ ಬಳಕೆಯಲ್ಲಿದೆ. ಮ್ಯೂಸಿಯಂ ಕಾರ್ಯಕ್ರಮವನ್ನೆಲ್ಲ ಸಿದ್ಧಮಾಡಿ, ‘ಇಂತಿಷ್ಟು ಗಂಟೆಗೆ ಮಕ್ಕಳನ್ನು ಕರೆತನ್ನಿ’ ಎಂದು ಶಾಲೆಗೆ ಪತ್ರ ಬರೆದರೆ ಅಲ್ಲಿ ಶಿಕ್ಷಕರಿಗೆ ಉಳಿಯುವುದು ತಲೆ ಎಣಿಸುವ ಕೆಲಸ.

ಭೇಟಿಯ ದಿನದ ಮಾತೂ ಸ್ವಲ್ಪ ಹೇಳಬೇಕು. ಜಾನ್ ಫಾಕ್ ಮತ್ತು ಜಾನ್ ಬಾಲಿಂಗ್ ಎಂಬ ಸಂಶೋಧಕರು ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯಕ್ಕೆ ಬರುತ್ತಿದ್ದ ಶಾಲಾಮಕ್ಕಳನ್ನು ಅಧ್ಯಯನ ಮಾಡಿದರು. ಕೆಲವು ಗುಂಪುಗಳಿಗೆ ಮುಂಚೆಯೇ ಪ್ರಾಣಿಗಳ ಪಾಠ ಹೇಳಿದ್ದರು. ಇನ್ನು ಕೆಲವರಿಗೆ ಹೇಳಿದ್ದು ಬೇರೆಯದೇ: ಅಲ್ಲಿಗೆ ಹೇಗೆ ಹೋಗುತ್ತೀರಿ, ತಿಂಡಿ ಎಲ್ಲಿ, ಶೌಚಾಲಯ ಎಲ್ಲಿ, ಏನೇನು ಕೊಳ್ಳಬಹುದು. ಹೆಚ್ಚು ಕಲಿತು ಬಂದವರು ಈ ಎರಡನೆಯ ಗುಂಪಿನ ಮಕ್ಕಳು. ಹೊಸ ಜಾಗದ ಗಾಬರಿ ಕಳೆದಿದ್ದರಿಂದ ಅವರ ಕಣ್ಣು ನೋಡಬೇಕಾದ್ದರ ಮೇಲೆ ನಿಂತಿತು. ಊಟದ ಡಬ್ಬಿ ಯಾವಾಗ ಬಿಚ್ಚುತ್ತೇವೆಂದು ಗೊತ್ತಿಲ್ಲದ ಮಗುವಿಗೆ ಸೌರಮಂಡಲ ಎಲ್ಲಿ ಕಾಣಬೇಕು! ಆಸ್ಟ್ರೇಲಿಯಾದಲ್ಲಿ ಜ್ಯಾನೆಟ್ ಗ್ರಿಫಿನ್ ಮತ್ತು ಡೇವಿಡ್ ಸೈಮಿಂಗ್‌ಟನ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಬಹುಪಾಲು ಶಿಕ್ಷಕರು ಮಕ್ಕಳ ಕೈಗೆ ಪ್ರಶ್ನೆಗಳ ಹಾಳೆ ಕೊಟ್ಟು ತುಂಬಿಸುವುದರಲ್ಲೇ ಸಮಯ ಕಳೆಯುತ್ತಿದ್ದರು. ಅಲ್ಲಿ ನೋಡುವುದನ್ನು ತರಗತಿಯ ಪಾಠಕ್ಕೆ ಜೋಡಿಸುವ ಯತ್ನ ಕಡಿಮೆ ಇತ್ತು. ಇದಕ್ಕೆ ಗ್ರಿಫಿನ್ ಸೂಚಿಸಿದ ದಾರಿ ಸರಳವಾಗಿದೆ. ಒಂದು ಪಾಠ ನಡೆಯುತ್ತಿರುವಾಗ, ಅದರ ನಡುವೆ, ಮಕ್ಕಳು ತಾವೇ ಬರೆದ ಪ್ರಶ್ನೆಗಳನ್ನು ಹಿಡಿದು ಮ್ಯೂಸಿಯಂಗೆ ಹೋಗಬೇಕು. ನಮ್ಮಲ್ಲಿ ಪ್ರವಾಸ ಬರುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಪಾಠಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಇದನ್ನು ಬದಲಿಸಲು ಹೆಚ್ಚಿನ ದುಡ್ಡು ಬೇಕಿಲ್ಲ, ಬರೀ ತಾರೀಖು ಬದಲಾದರೆ ಸಾಕು.

ಭಾರತ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಕೋಲ್ಕತ್ತಾದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ 1959ರಲ್ಲೇ ತೆರೆದಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ವಿಶ್ವೇಶ್ವರಯ್ಯ ಮ್ಯೂಸಿಯಂ ಕಟ್ಟಡವನ್ನು ನೆಹರೂ 1962ರ ಜುಲೈ 14ರಂದು ಉದ್ಘಾಟಿಸಿದರು. ವಿದ್ಯುಚ್ಛಕ್ತಿಯ ಮೊದಲ ಗ್ಯಾಲರಿ 1965ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಎಕ್ಸ್‌ಪ್ಲೊರೇಟೋರಿಯಂ ಹುಟ್ಟುವ ನಾಲ್ಕು ವರ್ಷ ಮೊದಲೇ, ಅದೇ 1965ರಲ್ಲಿ, ಕೋಲ್ಕತ್ತಾದವರು ಸಂಚಾರಿ ವಿಜ್ಞಾನ ಪ್ರದರ್ಶನ ಶುರುಮಾಡಿದ್ದರು. ಊರಿನವರು ಮ್ಯೂಸಿಯಂಗೆ ಬರಲಾಗದಿದ್ದರೆ ಮ್ಯೂಸಿಯಂ ಊರಿಗೆ ಹೋಗಲಿ ಎಂಬ ಈ ಯೋಚನೆ ಬಸ್ಸಿನ ರೂಪ ತಾಳಿ ಕರ್ನಾಟಕದ ಹಳ್ಳಿಶಾಲೆಗಳ ಅಂಗಳಕ್ಕೂ ಬಂತು. 1984ರಲ್ಲಿ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಾಯಿತು. ಇವುಗಳಿಂದ ವಿಜ್ಞಾನ ಶಿಕ್ಷಕರಿಗೆ ತರಬೇತಿ ಶಿಬಿರಗಳೂ ನಡೆಯುತ್ತವೆ. ಇಷ್ಟು ಹಳೆಯ, ಇಷ್ಟು ಹರಡಿದ ವ್ಯವಸ್ಥೆ ಎಷ್ಟೋ ದೇಶಗಳಿಗಿಲ್ಲ. ಅದಕ್ಕೇ ನಮ್ಮ ಶಿಕ್ಷಕರು ಇದನ್ನು ಇನ್ನೂ ಸಲುಗೆಯಿಂದ ಬಳಸಿಕೊಳ್ಳಬೇಕು ಎನಿಸುತ್ತದೆ.

ಬಸ್ಸಿನದೇ ಉದಾಹರಣೆ ನೋಡಿ. ಅದು ಒಂದು ಶಾಲೆಯ ಆವರಣದಲ್ಲಿ ಬಂದು ನಿಲ್ಲುತ್ತದೆ, ಸುತ್ತಲ ಶಾಲೆಗಳ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ, ಮುಂದಿನ ಊರಿಗೆ ಹೊರಡುತ್ತದೆ. ಇಲ್ಲಿ ಎಕ್ಸ್‌ಪ್ಲೊರೇಟೋರಿಯಂನಿಂದ ಒಂದು ಪಾಠ ಕಲಿಯಬಹುದು. ಅಲ್ಲಿ ಮೊದಲಿನಿಂದಲೂ ಪ್ರದರ್ಶಿಕೆಗಳ ಪಕ್ಕ ನಿಂತು ಜನರ ಜೊತೆ ಮಾತಾಡುವವರು ಹೈಸ್ಕೂಲಿನ ಹುಡುಗ ಹುಡುಗಿಯರು. ಅವರಿಗೆ ಸಂಬಳವೂ ಉಂಟು. ಅವರು ಎಲ್ಲ ಬಲ್ಲವರಲ್ಲ, ಗೊತ್ತಿಲ್ಲದ್ದನ್ನು ಬಂದವರ ಜೊತೆ ಸೇರಿ ಹುಡುಕುತ್ತಾರೆ. ಬಸ್ಸು ಬರುವ ಊರಿನ ಶಾಲೆಯಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ದಿನ ಮೊದಲೇ ಸಿದ್ಧಗೊಳಿಸಿ, ಪಕ್ಕದ ಊರಿನ ಮಕ್ಕಳಿಗೆ ಅವರಿಂದಲೇ ವಿವರಣೆ ಹೇಳಿಸಬಹುದು. ಬಸ್ಸು ಹೋದ ಮೇಲೂ ಆ ಮಕ್ಕಳು ಊರಲ್ಲೇ ಇರುತ್ತಾರೆ. ಈ ಕೆಲಸ ಅಲ್ಲಿನ ಟೀಚರ್ ಮನಸ್ಸು ಮಾಡಿದರೆ ಮಾತ್ರ ಆಗುವಂಥದ್ದು.

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರಿಗೆ ಅನುಭವಿ ಶಿಕ್ಷಕರನ್ನು ಜೊತೆಗೂಡಿಸಿ ಎರಡು ವರ್ಷ ಬೆನ್ನಿಗೆ ನಿಲ್ಲುವ ಕಾರ್ಯಕ್ರಮವೂ ಎಕ್ಸ್‌ಪ್ಲೊರೇಟೋರಿಯಂನಲ್ಲಿ ನಡೆದಿದೆ. ಒಂದು ಮ್ಯೂಸಿಯಂ ಶಿಕ್ಷಕರ ವೃತ್ತಿಯ ಏಳುಬೀಳಿನಲ್ಲೂ ಪಾಲುದಾರನಾಗಬಹುದು ಎಂಬುದು ನನಗಂತೂ ದೊಡ್ಡ ವಿಷಯ. ನಮ್ಮಲ್ಲಿ ಅಂಥದ್ದು ನಾಳೆಯೇ ಆಗಲಿಕ್ಕಿಲ್ಲ. ಆದರೆ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ ಸ್ವಂತವಾಗಿ ಆರಂಭಿಸಬಹುದಾದ್ದು ಬೇಕಷ್ಟಿದೆ. ಮಕ್ಕಳನ್ನು ಕರೆದೊಯ್ಯುವ ಮೊದಲು ಒಂದು ರಜಾದಿನ ಒಬ್ಬರೇ ಹೋಗಿ ಬನ್ನಿ. ನಡೆಯುತ್ತಿರುವ ಪಾಠಕ್ಕೆ ಹೊಂದುವ ಮೂರು ಪ್ರದರ್ಶಿಕೆ ಆರಿಸಿ. ಅಲ್ಲಿನ ಶಿಕ್ಷಣ ವಿಭಾಗದವರನ್ನು ಕಂಡು, ಇವುಗಳನ್ನು ಶಾಲೆಯಲ್ಲಿ ಚಿಕ್ಕದಾಗಿ ಮಾಡುವುದು ಹೇಗೆ ಎಂದು ಕೇಳಿ. ಭೇಟಿಯ ದಿನ ಮಕ್ಕಳು ಆ ಮೂರರ ಮುಂದೆ ಸಾಕಷ್ಟು ಹೊತ್ತು ನಿಲ್ಲಲಿ. ಉಳಿದದ್ದನ್ನು ಅವರು ಇಷ್ಟಬಂದಂತೆ ನೋಡಿಕೊಳ್ಳಲಿ. ವಾಪಸು ಬಂದ ವಾರದೊಳಗೆ ಮೂರರಲ್ಲಿ ಒಂದನ್ನು ತರಗತಿಯಲ್ಲಿ ಕಟ್ಟಿ. ಕಟ್ಟುವಾಗ ಮಕ್ಕಳು ಕೇಳಿದ ಪ್ರಶ್ನೆಗಳನ್ನೂ, ಅವರಿಗೆ ಅರ್ಥವಾಗದೆ ಉಳಿದ ಫಲಕ ಯಾವುದು ಎಂಬುದನ್ನೂ ಬರೆದು ಮ್ಯೂಸಿಯಂಗೆ ಕಳಿಸಿಕೊಡಿ. ಮುಂದಿನ ಫಲಕ ಬರೆಯುವವರಿಗೂ ಮುಂದಿನ ಶಿಬಿರ ನಡೆಸುವವರಿಗೂ ಅದು ಬೇಕಾಗುತ್ತದೆ.